ಬಿರುಬೇಸಿಗೆಯಲ್ಲಿ ಆ್ಯಂಬುಲೆನ್ಸಿನ ಹಿಂಬದಿ ಕೋಣೆ ತಂಪಾಗದಿದ್ದರೆ: ದೋಷ ನಿವಾರಣೆ ಕೈಪಿಡಿ

ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿ 2023ರ ಜೂನ್ 30ರಿಂದ ಜುಲೈ 30ರವರೆಗೆ ಸತತ 31 ದಿನ ಗರಿಷ್ಠ ತಾಪಮಾನ 43.3 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗೆ ಇಳಿಯಲಿಲ್ಲ. ಅದೇ ಜುಲೈ 19ರಂದು ಕನಿಷ್ಠ ತಾಪಮಾನವೇ 36 ಡಿಗ್ರಿಯಷ್ಟಿತ್ತು. ಮರುವರ್ಷ 43.3 ಡಿಗ್ರಿ ಮುಟ್ಟಿದ ದಿನಗಳು 70 ಆದವು. ಫೀನಿಕ್ಸ್ ಸೇರಿರುವ ಮ್ಯಾರಿಕೋಪಾ ಕೌಂಟಿಯಲ್ಲಿ 2023ರಲ್ಲಿ ಬಿಸಿಲಿಗೆ ಸಂಬಂಧಿಸಿದ ಸಾವುಗಳೆಂದು ದಾಖಲಾದವು 645. ಈ ನಗರದಲ್ಲಿ ರೋಗಿಗಳನ್ನು ಸಾಗಿಸುವ ಆ್ಯಂಬುಲೆನ್ಸ್‌ಗಳನ್ನು ನಡೆಸುವುದು ಅಗ್ನಿಶಾಮಕ ಇಲಾಖೆಯೇ. ಅಂಥ ಊರಿನಲ್ಲಿ ಓಡುವ ಆ್ಯಂಬುಲೆನ್ಸಿನ ಹಿಂಬದಿ ಕೋಣೆಯ ಎ.ಸಿ. ಕೈಕೊಟ್ಟರೆ ಅದನ್ನು ಬ್ರೇಕ್ ಅಥವಾ ಆಮ್ಲಜನಕದ ವ್ಯವಸ್ಥೆ ಕೆಟ್ಟಷ್ಟೇ ಗಂಭೀರವಾಗಿ ಪರಿಗಣಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಟ್ರಕ್ ಅಥವಾ ವ್ಯಾನ್ ಚಾಸಿಯ ಮೇಲೆ ಪೆಟ್ಟಿಗೆಯಾಕಾರದ ಪ್ರತ್ಯೇಕ ಕೋಣೆ ಕೂರಿಸಿರುವ, ಮುಂದೊಂದು ಹಿಂದೊಂದು ಕೂಲಿಂಗ್ ಕಾಯಿಲ್ (ಗಾಳಿಯನ್ನು ತಣಿಸುವ ಸುರುಳಿ ಕೊಳವೆ) ಇರುವ ಆ್ಯಂಬುಲೆನ್ಸನ್ನು ಮನಸ್ಸಿನಲ್ಲಿಟ್ಟು ಈ ಬರಹ ಸಿದ್ಧವಾಗಿದೆ. ಇಲ್ಲಿ ಕೊಟ್ಟಿರುವ ಒತ್ತಡದ ಅಂಕಿಗಳು ಎ.ಸಿ.ಯೊಳಗೆ ಹರಿದು ತಂಪು ಮಾಡುವ ಆರ್-134ಎ ಎಂಬ ಗ್ಯಾಸಿಗೆ ಸಂಬಂಧಿಸಿದವು. ಹೊಸ ವಾಹನಗಳಲ್ಲಿ ಆರ್-1234ವೈಎಫ್ ಎಂಬ ಇನ್ನೊಂದು ಗ್ಯಾಸ್ ಇರಬಹುದಾದ್ದರಿಂದ ಬಾನೆಟ್ಟಿನ ಕೆಳಗಿನ ಚೀಟಿಯನ್ನು ಓದದೆ ಒತ್ತಡ ಅಳೆಯುವ ಗೇಜ್ ಜೋಡಿಸಬಾರದು. ಎರಡು ಬಗೆಯ ಗ್ಯಾಸನ್ನು ಯಾವ ಕಾರಣಕ್ಕೂ ಬೆರೆಸಬಾರದು.

ಎ.ಸಿ. ತಣ್ಣಗಾಗುತ್ತಿಲ್ಲ ಎಂದೊಡನೆ ಎಲ್ಲ ಗ್ಯಾರೇಜುಗಳಲ್ಲೂ ಕೇಳಿಬರುವ ಮೊದಲ ಮಾತು ‘ಗ್ಯಾಸ್ ಕಡಿಮೆಯಾಗಿರಬೇಕು, ತುಂಬಿಸಿ’ ಎಂಬುದು. ವಿಪರೀತ ಬಿಸಿಲಿನಲ್ಲಿ ಈ ಊಹೆ ಅಪಾಯಕಾರಿ. ಶಾಖವನ್ನು ಹೊರಹಾಕಲಾರದೆ ಒದ್ದಾಡುತ್ತಿರುವ ವ್ಯವಸ್ಥೆಗೆ ಇನ್ನಷ್ಟು ಗ್ಯಾಸ್ ತುಂಬಿದರೆ ಒತ್ತಡ ಮತ್ತೂ ಏರಿ ಗ್ಯಾಸನ್ನು ಒತ್ತಿ ಹರಿಸುವ ಕಂಪ್ರೆಸರ್ ಕೆಟ್ಟು ನಿಲ್ಲುತ್ತದೆ ಅಥವಾ ಕೊಳವೆಯ ಜೋಡಣೆಯೊಂದು ಬಿಟ್ಟುಕೊಳ್ಳುತ್ತದೆ. ಆದ್ದರಿಂದ ಇಲ್ಲಿನ ಕ್ರಮ ಇದಕ್ಕೆ ವ್ಯತಿರಿಕ್ತವಾಗಿದೆ: ಮೊದಲು ಗಾಳಿ, ಆಮೇಲೆ ವಿದ್ಯುತ್ತು, ಅದಾದ ಮೇಲೆ ಹೀಟರಿನ ಬಿಸಿನೀರು, ಕಟ್ಟಕಡೆಗೆ ಗ್ಯಾಸ್.

ಪರೀಕ್ಷೆಗೆ ಮುನ್ನ

ರೋಗಿ ಒಳಗಿರುವಾಗ ದೋಷ ಹುಡುಕುವ ಕೆಲಸಕ್ಕೆ ಕೈಹಾಕಬಾರದು. ಸಿಬ್ಬಂದಿ ವಾಹನವನ್ನು ಸೇವೆಯಿಂದ ತೆಗೆದು ಬದಲಿ ವಾಹನ ಪಡೆಯಬೇಕು, ಔಷಧಿ ಪೆಟ್ಟಿಗೆಯನ್ನು ತಂಪಾದ ಜಾಗಕ್ಕೆ ಸಾಗಿಸಬೇಕು. ಹೆಚ್ಚಿನ ಔಷಧಿಗಳನ್ನು 20ರಿಂದ 25 ಡಿಗ್ರಿಯಲ್ಲಿ ಇಡಬೇಕೆಂಬ ನಿಯಮವಿದೆ, 15ರಿಂದ 30ರವರೆಗಿನ ಏರಿಳಿತಕ್ಕೆ ಸ್ವಲ್ಪ ಅವಕಾಶವೂ ಇದೆ. ಎ.ಸಿ. ಕೆಟ್ಟ ವಾಹನ ಬಿಸಿಲಿನಲ್ಲಿ ನಿಂತರೆ ಒಳಗಿನ ಬಿಸಿ ಈ ಮಿತಿ ದಾಟಲು ಬಹಳ ಹೊತ್ತು ಬೇಕಾಗುವುದಿಲ್ಲ. ಅಪಸ್ಮಾರಕ್ಕೆ ಕೊಡುವ ಲೊರಾಜೆಪಾಮ್‌ನಂತೆ ಫ್ರಿಜ್ಜಿನಲ್ಲೇ ಇರಬೇಕಾದ ಔಷಧಿಗಳನ್ನು ಪ್ರತ್ಯೇಕವಾಗಿ ಪರಿಶೀಲಿಸಿ, ಎಷ್ಟು ಹೊತ್ತು ಬಿಸಿಗೆ ಸಿಕ್ಕಿದ್ದವು ಎಂಬುದನ್ನು ಬರೆದಿಡಬೇಕು. ಆಮ್ಲಜನಕದ ಸಿಲಿಂಡರುಗಳು 52 ಡಿಗ್ರಿ ಮೀರಿದ ಬಿಸಿಗೆ ಒಡ್ಡಿಕೊಳ್ಳಬಾರದು.

ದುರಸ್ತಿ ಮಾಡುವವರ ದೇಹವೂ ಅದೇ ಬಿಸಿಲಿನಲ್ಲಿರುತ್ತದೆ ಎಂಬುದು ಮರೆತುಹೋಗುತ್ತದೆ. ಫೀನಿಕ್ಸಿನ ಬೇಸಿಗೆಯ ನಡುಮಧ್ಯಾಹ್ನ ಡಾಂಬರಿನ ಮೇಲ್ಮೈ 70 ಡಿಗ್ರಿಯನ್ನೂ ದಾಟುತ್ತದೆ. ಅದರ ಮೇಲೆ ಬರಿಗೈ ಊರಿ ಅಥವಾ ಬೆನ್ನು ಚೆಲ್ಲಿ ಮಲಗಿ ಚಾಸಿಯ ಕೆಳಗೆ ನೋಡುವುದೆಂದರೆ ಸುಟ್ಟಗಾಯವನ್ನು ಕರೆದು ತಂದುಕೊಂಡಂತೆ. ನೆರಳು, ದಪ್ಪನೆಯ ಹಾಸು, ಕುಡಿಯುವ ನೀರು ಮತ್ತು ಜೊತೆಗೊಬ್ಬರು ಇಲ್ಲದೆ ಈ ಕೆಲಸ ಆರಂಭಿಸಬಾರದು.

ವಾಹನ ತಂದವರ ಮಾತನ್ನು ಪೂರ್ತಿಯಾಗಿ ಕೇಳಿಸಿಕೊಳ್ಳುವುದರಿಂದ ಅರ್ಧ ಕೆಲಸ ಹಗುರವಾಗುತ್ತದೆ. ಓಡುವಾಗ ತಂಪಿದ್ದು ಆಸ್ಪತ್ರೆಯ ಬಾಗಿಲಲ್ಲಿ ನಿಂತಾಗ ಮಾತ್ರ ಬಿಸಿಯಾಗುತ್ತದೆಯೇ? ಮುಂದಿನ ಕ್ಯಾಬಿನ್ ತಣ್ಣಗಿದ್ದು ಹಿಂಭಾಗವಷ್ಟೇ ಬಿಸಿಯೇ? ಬೆಳಿಗ್ಗೆ ಸರಿಯಿದ್ದು ಮೂರು ಗಂಟೆಯ ಹೊತ್ತಿಗೆ ಕೆಡುತ್ತದೆಯೇ? ಗಾಳಿ ಬರುತ್ತಿದ್ದು ತಂಪಿಲ್ಲವೇ, ಅಥವಾ ಗಾಳಿಯೇ ಇಲ್ಲವೇ? ಈ ನಾಲ್ಕು ಪ್ರಶ್ನೆಗಳ ಉತ್ತರ ಒಂದೊಂದೂ ಬೇರೆ ದೋಷದ ಕಡೆಗೆ ಬೊಟ್ಟು ಮಾಡುತ್ತದೆ.

ಆಮೇಲೆ ಎರಡು ತಾಪಮಾನಗಳನ್ನು ಅಳೆಯಬೇಕು. ಬಾಗಿಲುಗಳನ್ನೆಲ್ಲ ಮುಚ್ಚಿ, ಎಂಜಿನ್ನನ್ನು ಹೈ-ಐಡಲ್‌ನಲ್ಲಿಟ್ಟು (ನಿಂತಲ್ಲೇ ಅದರ ವೇಗವನ್ನು ಏರಿಸಿ), ಗಾಳಿ ಊದುವ ಹಿಂಬದಿ ಬ್ಲೋವರನ್ನು ಪೂರ್ತಿ ವೇಗಕ್ಕೆ ತಿರುಗಿಸಿ, ಹತ್ತು ನಿಮಿಷದ ಬಳಿಕ ಕೋಣೆಯ ಗಾಳಿಯನ್ನು ಒಳಗೆಳೆದುಕೊಳ್ಳುವ ಜಾಲರಿಯಲ್ಲಿ ಒಂದು ಥರ್ಮಾಮೀಟರನ್ನೂ ತಂಪುಗಾಳಿ ಬರುವ ಕಿಂಡಿಯಲ್ಲಿ ಇನ್ನೊಂದನ್ನೂ ಇರಿಸಬೇಕು. ಎರಡರ ನಡುವೆ 10 ಡಿಗ್ರಿಗಿಂತ ಹೆಚ್ಚು ಅಂತರವಿದ್ದೂ ಕೋಣೆ ತಂಪಾಗದಿದ್ದರೆ ಎ.ಸಿ. ತನ್ನ ಕೆಲಸ ಮಾಡುತ್ತಿದೆ, ಬಿಸಿ ಬೇರೆ ದಾರಿಯಿಂದ ನುಗ್ಗುತ್ತಿದೆ ಎಂದರ್ಥ. ಅಂತರ ನಾಲ್ಕೈದು ಡಿಗ್ರಿಯಷ್ಟೇ ಇದ್ದರೆ ದೋಷ ಎ.ಸಿ.ಯಲ್ಲೋ ಅದರ ಪಕ್ಕದ ಹೀಟರಿನಲ್ಲೋ ಇದೆ. ಈ ಒಂದು ಅಳತೆಯನ್ನು ಬಿಟ್ಟು ಮುಂದೆ ಹೋದರೆ ಉಳಿದ ಪರೀಕ್ಷೆಗಳೆಲ್ಲ ಕತ್ತಲಲ್ಲಿ ತಡಕಾಡಿದಂತಾಗುತ್ತವೆ.

ನಿಂತಾಗ ಬಿಸಿ, ಓಡಿದಾಗ ತಂಪು

ಆ್ಯಂಬುಲೆನ್ಸಿನ ದಿನಚರಿಯೇ ಎ.ಸಿ.ಗೆ ಪ್ರತಿಕೂಲವಾದದ್ದು. ಅದು ಘಟನಾ ಸ್ಥಳದಲ್ಲೂ ಆಸ್ಪತ್ರೆಯ ಬಾಗಿಲಲ್ಲೂ ಎಂಜಿನ್ ಚಾಲೂ ಇಟ್ಟುಕೊಂಡು ನಿಲ್ಲುತ್ತದೆ. ಆಗ ಕಂಪ್ರೆಸರ್ ನಿಧಾನವಾಗಿ ತಿರುಗುತ್ತದೆ, ಗ್ಯಾಸಿನ ಶಾಖವನ್ನು ಹೊರಗಿನ ಗಾಳಿಗೆ ಬಿಡುವ ಕಂಡೆನ್ಸರಿಗೆ ಓಟದಿಂದ ಸಿಗುತ್ತಿದ್ದ ಗಾಳಿಯೂ ನಿಂತುಹೋಗುತ್ತದೆ. 43 ಡಿಗ್ರಿಯ ಗಾಳಿಗೆ ಶಾಖ ಬಿಟ್ಟುಕೊಡಬೇಕಾದರೆ ಕಂಡೆನ್ಸರಿನೊಳಗಿನ ಗ್ಯಾಸ್ ಅದಕ್ಕಿಂತ 15ರಿಂದ 20 ಡಿಗ್ರಿ ಹೆಚ್ಚು ಬಿಸಿಯಾಗಿರಬೇಕು. ಬೀಸುವ ಗಾಳಿ ಕಡಿಮೆಯಾದಷ್ಟೂ ಈ ಅಂತರ ಹೆಚ್ಚುತ್ತದೆ, ಒತ್ತಡ ಏರುತ್ತದೆ, ಕೊನೆಗೆ ಸುರಕ್ಷತೆಯ ಸ್ವಿಚ್ ಕಂಪ್ರೆಸರನ್ನು ನಿಲ್ಲಿಸಿಬಿಡುತ್ತದೆ. ಒಳಗಿರುವವರಿಗೆ ಕಾಣುವುದು ಮಾತ್ರ ‘ಎ.ಸಿ. ಬರುತ್ತೆ, ಹೋಗುತ್ತೆ’ ಎಂಬ ಲಕ್ಷಣ.

ಇಲ್ಲಿ ಮೊದಲು ನೋಡಬೇಕಾದದ್ದು ಕಂಡೆನ್ಸರಿನ ಮುಖ. ಫೀನಿಕ್ಸಿನಲ್ಲಿ ಜೂನ್ ಮಧ್ಯದಿಂದ ಸೆಪ್ಟೆಂಬರ್ ಕೊನೆಯವರೆಗಿನ ಮಾನ್ಸೂನ್ ಕಾಲದಲ್ಲಿ ಹಬೂಬ್ ಎಂಬ ದೂಳಿನ ಬಿರುಗಾಳಿ ಊರನ್ನೇ ಮುಚ್ಚುತ್ತದೆ. ಅದಾದ ಮೇಲೆ ಕಂಡೆನ್ಸರಿನ ತೆಳು ರೆಕ್ಕೆಗಳ ನಡುವೆ ಹಿಟ್ಟಿನಂಥ ದೂಳು ಕೂತಿರುತ್ತದೆ, ಮೇಲೊಂದು ಮಳೆಹನಿ ಬಿದ್ದರೆ ಅದು ಗಟ್ಟಿಯಾಗುತ್ತದೆ. ಮುಂಭಾಗದಿಂದ ನೋಡಿದಾಗ ಸ್ವಚ್ಛವಾಗಿಯೇ ಕಾಣುವ ಕಂಡೆನ್ಸರಿನ ಹಿಂದೆ, ರೇಡಿಯೇಟರಿಗೂ ಅದಕ್ಕೂ ನಡುವಿನ ಕಿರಿದಾದ ಸಂದಿಯಲ್ಲಿ, ದೂಳು, ಎಲೆ, ಸತ್ತ ಹುಳುಗಳು ಸೇರಿ ದಪ್ಪ ಪದರವಾಗಿರುವುದುಂಟು. ಟಾರ್ಚನ್ನು ಎಂಜಿನ್ನಿನ ಕಡೆಯಿಂದ ಹಿಡಿದು ಮುಂದಿನಿಂದ ನೋಡಿದರೆ ಬೆಳಕು ಎಲ್ಲಿ ಹಾಯುವುದಿಲ್ಲವೋ ಅಲ್ಲಿ ಗಾಳಿಯೂ ಹಾಯುವುದಿಲ್ಲ. ತೊಳೆಯುವಾಗ ಎಂಜಿನ್ನಿನ ಕಡೆಯಿಂದ ಹೊರಕ್ಕೆ, ಸಾಧಾರಣ ಒತ್ತಡದ ನೀರಿನಿಂದ ತೊಳೆಯಬೇಕು. ಪ್ರೆಷರ್ ವಾಷರ್ ಹಿಡಿದರೆ ರೆಕ್ಕೆಗಳು ಮಡಚಿಕೊಂಡು ಮೊದಲಿಗಿಂತ ಹೆಚ್ಚು ಹಾನಿಯಾಗುತ್ತದೆ. ಚಾವಣಿಯ ಮೇಲೋ ಪಕ್ಕದ ಸ್ಕರ್ಟಿನಲ್ಲೋ ಹೆಚ್ಚುವರಿ ಕಂಡೆನ್ಸರ್ ಇದ್ದರೆ ಅದನ್ನೂ ಮರೆಯದೆ ನೋಡಬೇಕು. ನೆಲದಿಂದ ಕಾಣದ ಕಾರಣಕ್ಕೆ ಚಾವಣಿಯ ಕಂಡೆನ್ಸರಿನ ಫ್ಯಾನ್ ನಿಂತು ಎಷ್ಟೋ ದಿನವಾದರೂ ಯಾರ ಗಮನಕ್ಕೂ ಬರದೇ ಇರಬಹುದು.

ಸಂಶಯ ನಿವಾರಣೆಗೆ ಸರಳ ಪರೀಕ್ಷೆಯೊಂದಿದೆ. ಎ.ಸಿ. ಓಡುತ್ತಿರುವಾಗ ಕಂಡೆನ್ಸರಿನ ಮೇಲೆ ನೀರನ್ನು ಸಣ್ಣಗೆ ಸಿಂಪಡಿಸಿ, ಕಿಂಡಿಯ ಥರ್ಮಾಮೀಟರನ್ನು ಗಮನಿಸಬೇಕು. ಒಂದೆರಡು ನಿಮಿಷದಲ್ಲಿ ಗಾಳಿ ಎದ್ದುಕಾಣುವಷ್ಟು ತಣ್ಣಗಾದರೆ ಒಳಗಿನ ಗ್ಯಾಸ್ ಸರಿಯಿರುವ ಸಂಭವವೇ ಹೆಚ್ಚು. ಆಗ ಕಂಡೆನ್ಸರಿನ ಕೊಳೆ, ಅದರ ಫ್ಯಾನ್, ಎಂಜಿನ್ನಿನ ಫ್ಯಾನ್ ಕ್ಲಚ್ (ಎಂಜಿನ್ ಬಿಸಿಯಾದಾಗ ಅದರ ಫ್ಯಾನನ್ನು ವೇಗವಾಗಿ ತಿರುಗಿಸುವ ಜೋಡಣೆ), ಗಾಳಿಯನ್ನು ದಾರಿಗೆ ಹಚ್ಚುವ ರಬ್ಬರ್ ಅಂಚು, ಇವುಗಳಲ್ಲೇ ಕಾರಣ ಹುಡುಕಬೇಕು. ಎಂಜಿನ್ನಿನ ತಾಪಮಾನ ಸೂಚಕವೂ ಮೇಲೇರಿದ್ದರೆ ಫ್ಯಾನ್ ಕ್ಲಚ್ ಮೇಲಿನ ಸಂಶಯ ಬಲವಾಗುತ್ತದೆ. ಎಂಜಿನ್ ಅತಿಯಾಗಿ ಬಿಸಿಯಾದಾಗ ಎಂಜಿನ್ನಿನ ಕಂಪ್ಯೂಟರ್ ತಾನಾಗಿಯೇ ಎ.ಸಿ.ಯನ್ನು ನಿಲ್ಲಿಸುವುದರಿಂದ, ಈ ಸೂಚಕವನ್ನು ನೋಡದೆ ಎ.ಸಿ.ಯನ್ನು ದೂರುವುದು ಸರಿಯಲ್ಲ.

ಹೈ-ಐಡಲ್ ಸ್ವಿಚ್ ಕೆಲಸ ಮಾಡುತ್ತಿದೆಯೇ ಎಂಬುದನ್ನೂ ಇದೇ ಹಂತದಲ್ಲಿ ನೋಡಬೇಕು. ನಿಂತಾಗ ಎಂಜಿನ್ನಿನ ವೇಗವನ್ನು ಏರಿಸಿ ಕಂಪ್ರೆಸರಿಗೂ ವಿದ್ಯುತ್ ಉತ್ಪಾದಿಸುವ ಆಲ್ಟರ್ನೇಟರಿಗೂ ಬಲ ಕೊಡುವ ಈ ಏರ್ಪಾಟು ಪಾರ್ಕಿಂಗ್ ಬ್ರೇಕ್ ಹಾಕಿದ್ದರೆ ಮಾತ್ರ ಚಾಲೂ ಆಗುವಂತೆ ಇರುತ್ತದೆ. ಬ್ರೇಕಿನ ಪುಟ್ಟ ಸ್ವಿಚ್ ಕೆಟ್ಟರೆ ಇಡೀ ವಾಹನದ ತಂಪು ಹೋಗುತ್ತದೆ. ಡೀಸೆಲ್ ವಾಹನಗಳಲ್ಲಿ ಹೊಗೆಯ ಫಿಲ್ಟರಿನಲ್ಲಿ ಸೇರಿದ ಮಸಿಯನ್ನು ಸುಡುವ ಪ್ರಕ್ರಿಯೆ ನಿಂತಾಗ ನಡೆದರೆ ಹೊಗೆ ಕೊಳವೆ ವಿಪರೀತ ಬಿಸಿಯಾಗುವುದರಿಂದ, ಒಣಹುಲ್ಲಿನ ಮೇಲೆ ಹೈ-ಐಡಲ್‌ನಲ್ಲಿ ನಿಲ್ಲಿಸಬಾರದು.

ಹಿಂಬದಿ ಮಾತ್ರ ನಿಂತುಹೋದರೆ

ಮುಂದಿನ ಕ್ಯಾಬಿನ್ ತಣ್ಣಗಿದ್ದು ಹಿಂದೆ ಗಾಳಿಯೇ ಬರದಿದ್ದರೆ ಕಂಪ್ರೆಸರನ್ನು ಮುಟ್ಟುವ ಅಗತ್ಯವಿಲ್ಲ. ಆ್ಯಂಬುಲೆನ್ಸುಗಳಲ್ಲಿ ವಿದ್ಯುತ್ ಹೊರೆಯನ್ನು ನಿಭಾಯಿಸುವ ನಿಯಂತ್ರಕವಿರುತ್ತದೆ. ಬ್ಯಾಟರಿಯ ವೋಲ್ಟೇಜ್ ನಿಗದಿತ ಮಟ್ಟಕ್ಕಿಂತ ಇಳಿದಾಗ ಅದು ಹೊರೆಗಳನ್ನು ಒಂದೊಂದಾಗಿ ಕಡಿತಗೊಳಿಸುತ್ತದೆ. ಯಾವುದನ್ನು ಮೊದಲು ಕಡಿಯಬೇಕೆಂಬ ಸರದಿಯನ್ನು ವಾಹನ ಕಟ್ಟಿದವರು ಗೊತ್ತುಮಾಡಿರುತ್ತಾರೆ, ಹಿಂಬದಿ ಎ.ಸಿ. ಅದರಲ್ಲಿ ಮುಂಚಿನ ಸ್ಥಾನದಲ್ಲೇ ಇರಬಹುದು. ಎಂಜಿನ್ ಕೋಣೆ ಕಾದಷ್ಟೂ ಆಲ್ಟರ್ನೇಟರಿನ ಉತ್ಪಾದನೆ ತಗ್ಗುತ್ತದೆ, ಬ್ಯಾಟರಿಗಳೂ ಬಿಸಿಗೆ ಬೇಗ ಸವೆಯುತ್ತವೆ, ಅದೇ ಹೊತ್ತಿಗೆ ಬ್ಲೋವರ್, ಕಂಡೆನ್ಸರ್ ಫ್ಯಾನು, ದೀಪ, ಸಕ್ಷನ್ ಯಂತ್ರಗಳೆಲ್ಲ ಒಟ್ಟಿಗೆ ವಿದ್ಯುತ್ತನ್ನು ಬೇಡುತ್ತವೆ. ಹಾಗಾಗಿ ಸೆಕೆ ಹೆಚ್ಚಿದ ಗಳಿಗೆಯಲ್ಲೇ ತಂಪು ಕಡಿತವಾಗುತ್ತದೆ. ಇದು ಎ.ಸಿ.ಯ ದೋಷವಲ್ಲ, ಚಾರ್ಜಿಂಗ್ ವ್ಯವಸ್ಥೆಯ ದೋಷ. ಈ ವ್ಯತ್ಯಾಸ ಕಾಣದೆ ಒಳ್ಳೆಯ ಬ್ಲೋವರುಗಳನ್ನು ಬಿಚ್ಚಿ ಬಿಸಾಡುವುದು ದುಡ್ಡಿನ ದಂಡ ಮಾತ್ರವಲ್ಲ, ವಾಹನ ಮರುದಿನವೇ ಅದೇ ದೂರಿನೊಂದಿಗೆ ಹಿಂತಿರುಗಲು ದಾರಿ.

ಪರೀಕ್ಷೆ ಹೀಗೆ: ಎಲ್ಲ ಹೊರೆಗಳನ್ನೂ ಹಾಕಿ, ಹೈ-ಐಡಲ್‌ನಲ್ಲಿ ಅರ್ಧ ಗಂಟೆ ಓಡಿಸಿ, ಬ್ಯಾಟರಿಯ ತುದಿಗಳಲ್ಲಿ ವೋಲ್ಟೇಜ್ ಅಳೆಯಬೇಕು. ಎಂಜಿನ್ ತಣ್ಣಗಿದ್ದಾಗ 14ರ ಆಸುಪಾಸು ಇದ್ದದ್ದು ಬಿಸಿಯೇರಿದ ಮೇಲೆ 13ಕ್ಕಿಂತ ಕೆಳಗಿಳಿದರೆ ಬೆಲ್ಟ್, ಆಲ್ಟರ್ನೇಟರ್, ಬ್ಯಾಟರಿ ಇವುಗಳ ಸರದಿ. ವೋಲ್ಟೇಜ್ ಸರಿಯಿದ್ದೂ ಬ್ಲೋವರ್ ನಿಧಾನವಾಗಿದ್ದರೆ ಅದರ ಕನೆಕ್ಟರಿನಲ್ಲೇ ಅಳೆಯಬೇಕು. ಬ್ಯಾಟರಿಗೂ ಕನೆಕ್ಟರಿಗೂ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ಸೋರಿಹೋಗುತ್ತಿದ್ದರೆ ರಿಲೇ, ಫ್ಯೂಸಿನ ಕಾಲುಗಳು ಅಥವಾ ಅರ್ಥಿಂಗ್ ಸಡಿಲವಾಗಿದೆ. ಕಂದುಬಣ್ಣಕ್ಕೆ ತಿರುಗಿದ, ಮುಟ್ಟಿದರೆ ಪುಡಿಯಾಗುವ ಪ್ಲಾಸ್ಟಿಕ್ ಕನೆಕ್ಟರ್ ಕಂಡರೆ ಅಲ್ಲೇ ನಿಲ್ಲಬೇಕು. ಅದು ಬೆಂಕಿಯ ಮುನ್ಸೂಚನೆ. ದೊಡ್ಡ ಫ್ಯೂಸ್ ಹಾಕಿ ಮುಂದೂಡುವ ಮಾತೇ ಬೇಡ.

ಬೆಳಿಗ್ಗೆ ಸರಿಯಿದ್ದು ಮಧ್ಯಾಹ್ನ ಮಾತ್ರ ಕೆಡುವ ವಾಹನದಲ್ಲಿ ಕಂಪ್ರೆಸರಿನ ಕ್ಲಚ್ ಅನ್ನು, ಅಂದರೆ ವಿದ್ಯುತ್ ಹರಿದಾಗ ತಟ್ಟೆಯೊಂದನ್ನು ಎಳೆದುಕೊಂಡು ಕಂಪ್ರೆಸರನ್ನು ಎಂಜಿನ್ನಿನ ಬೆಲ್ಟಿಗೆ ಜೋಡಿಸುವ ಭಾಗವನ್ನು, ಶಂಕಿಸಬೇಕು. ಸವೆದು ಅಂತರ ಹೆಚ್ಚಿದ ಕ್ಲಚ್ಚಿನ ಸುರುಳಿ ಕಾದಾಗ ತಟ್ಟೆಯನ್ನು ಎಳೆದುಕೊಳ್ಳುವಷ್ಟು ಶಕ್ತಿ ಉಳಿಸಿಕೊಳ್ಳುವುದಿಲ್ಲ. ದೋಷ ಕಾಣಿಸಿಕೊಂಡ ಗಳಿಗೆಯಲ್ಲೇ ಕ್ಲಚ್ಚಿನ ತಂತಿಗೆ ವಿದ್ಯುತ್ ಬರುತ್ತಿದೆಯೇ ಎಂದು ನೋಡಬೇಕು. ಬರುತ್ತಿದ್ದೂ ತಟ್ಟೆ ತಿರುಗದಿದ್ದರೆ ಉತ್ತರ ಸಿಕ್ಕಂತೆ. ವಿದ್ಯುತ್ತೇ ಬರದಿದ್ದರೆ ಒತ್ತಡದ ಸ್ವಿಚ್ ಅಥವಾ ಎಂಜಿನ್ ಕಂಪ್ಯೂಟರ್ ಅದನ್ನು ತಡೆದಿದೆ. ತಣ್ಣಗಾದ ಮೇಲೆ ಗ್ಯಾರೇಜಿಗೆ ತಂದು ‘ದೋಷ ಕಂಡುಬರಲಿಲ್ಲ’ ಎಂದು ಬರೆದು ಕಳುಹಿಸುವುದು ಈ ದೋಷಕ್ಕೆ ಸಿಗುವ ಅತ್ಯಂತ ಕೆಟ್ಟ ಉಪಚಾರ. ಬಿಸಿಲಿನಲ್ಲಿ ಬರುವ ರೋಗವನ್ನು ಬಿಸಿಲಿನಲ್ಲೇ ಪರೀಕ್ಷಿಸಬೇಕು.

ಗಾಳಿ ಮೊದಲು ಚೆನ್ನಾಗಿದ್ದು ತಾಸೊಂದರ ಬಳಿಕ ಕ್ರಮೇಣ ಕ್ಷೀಣಿಸಿದರೆ ಕೂಲಿಂಗ್ ಕಾಯಿಲ್ ಮಂಜುಗಟ್ಟುತ್ತಿದೆ. ಫಿಲ್ಟರ್ ಕಟ್ಟಿರುವುದು, ಹಾಸಿಗೆ ಬಟ್ಟೆಯೋ ಸಾಮಾನಿನ ಚೀಲವೋ ಗಾಳಿಯ ಜಾಲರಿಗೆ ಅಡ್ಡವಾಗಿರುವುದು ಇದರ ಸಾಮಾನ್ಯ ಕಾರಣಗಳು. ಎ.ಸಿ. ಆರಿಸಿ ಬ್ಲೋವರ್ ಮಾತ್ರ ಓಡಿಸಿದಾಗ ಗಾಳಿ ಮರಳಿ ಬಂದರೆ ಇದು ಖಚಿತ.

ಗಾಳಿ ಇದೆ, ತಂಪಿಲ್ಲ: ಹೀಟರನ್ನು ಮರೆಯದಿರಿ

ಬೇಸಿಗೆಯಲ್ಲಿ ಯಾರಿಗೂ ನೆನಪಾಗದ ಹೀಟರೇ ಕೆಲವೊಮ್ಮೆ ನಿಜವಾದ ಅಪರಾಧಿ. ಹಿಂಬದಿ ಕೋಣೆಯ ಪೆಟ್ಟಿಗೆಯೊಳಗೆ ಕೂಲಿಂಗ್ ಕಾಯಿಲಿನ ಪಕ್ಕದಲ್ಲೇ ಹೀಟರಿನ ಕೋರ್ ಕೂಡ ಇರುತ್ತದೆ. ಅದರೊಳಗೆ ಎಂಜಿನ್ನಿನ ಬಿಸಿನೀರು ಹರಿಯದಂತೆ ತಡೆಯುವ ವಾಲ್ವ್ ಪೂರ್ತಿ ಮುಚ್ಚಿಕೊಳ್ಳದಿದ್ದರೆ, ಕಾಯಿಲ್ ತಂಪು ಮಾಡಿದ ಗಾಳಿಯನ್ನು ಪಕ್ಕದ ಕೋರ್ ಮತ್ತೆ ಕಾಯಿಸುತ್ತದೆ. ಗೇಜುಗಳು ಎಲ್ಲವೂ ಸರಿ ಎನ್ನುತ್ತವೆ, ಕಿಂಡಿಯಿಂದ ಬರುವುದು ಮಾತ್ರ ಉಗುರುಬೆಚ್ಚಗಿನ ಗಾಳಿ.

ವಾಲ್ವಿನಿಂದ ಆಚೆಗಿನ ಕೊಳವೆಯ ತಾಪವನ್ನು ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ನೋಡಬೇಕು, ಕೈಯಿಂದ ಮುಟ್ಟಬಾರದು, ಏಕೆಂದರೆ ಅದರೊಳಗಿನ ನೀರು 90 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಹೀಟರ್ ಆರಿಸಿದ್ದರೂ ಆ ಕೊಳವೆ ಬಿಸಿಯಾಗಿದ್ದರೆ, ಕೊಳವೆ ಹಿಚುಕುವ ಇಕ್ಕಳದಿಂದ ಅದನ್ನು ತಾತ್ಕಾಲಿಕವಾಗಿ ಅದುಮಿ ಹತ್ತು ನಿಮಿಷ ಕಾಯಬೇಕು. ಕಿಂಡಿಯ ತಾಪಮಾನ ಇಳಿದರೆ ವಾಲ್ವ್ ಬದಲಿಸಬೇಕು, ಎ.ಸಿ.ಗೆ ಕೈ ಹಚ್ಚಬೇಕಾಗಿಲ್ಲ. ನನ್ನ ದೃಷ್ಟಿಯಲ್ಲಿ ಇದು ಎಲ್ಲಕ್ಕಿಂತ ಅಗ್ಗದ ಪರೀಕ್ಷೆ, ಎಲ್ಲಕ್ಕಿಂತ ಹೆಚ್ಚು ಉಪೇಕ್ಷೆಗೆ ಒಳಗಾದದ್ದೂ ಹೌದು.

ನೆಲದ ಮೇಲೆ ನೀರು ಕಂಡಾಗಲೂ ಇದೇ ವಿವೇಚನೆ ಬೇಕು. ಫೀನಿಕ್ಸ್ ಅಗ್ನಿಶಾಮಕ ಇಲಾಖೆ 2024ರ ಬೇಸಿಗೆಯಿಂದ ಉಷ್ಣಾಘಾತವಾದ ರೋಗಿಯನ್ನು ಆಸ್ಪತ್ರೆ ತಲುಪುವ ಮೊದಲೇ ಮಂಜುಗಡ್ಡೆ ಮತ್ತು ನೀರು ತುಂಬಿದ ಚೀಲದಲ್ಲಿ ಮಲಗಿಸಿ ತಂಪು ಮಾಡುವ ವಿಧಾನವನ್ನು ಅಳವಡಿಸಿಕೊಂಡಿದೆ. ದೇಹದೊಳಗಿನ ತಾಪ 40 ಡಿಗ್ರಿ ಮೀರಿದವರಿಗೆ ಅರ್ಧ ಗಂಟೆಯೊಳಗೆ ತಂಪು ಸಿಗುವುದೇ ಪ್ರಾಣ ಉಳಿಸುವ ಸಂಗತಿಯಾದ್ದರಿಂದ ಇದು ಬಹಳ ಒಳ್ಳೆಯ ಕ್ರಮ. ಆದರೆ ನೆಲದ ಮೇಲಿನ ನೀರನ್ನೆಲ್ಲ ಈ ಚೀಲದ ತಲೆಗೆ ಕಟ್ಟಬಾರದು. ಬೆರಳಿನಿಂದ ಮುಟ್ಟಿ ನೋಡಿದಾಗ ಜಾರುವಂತಿದ್ದು ಸಿಹಿಯಾದ ವಾಸನೆ ಬಂದರೆ ಅದು ಹೀಟರಿನ ಕೂಲೆಂಟ್ (ಎಂಜಿನ್ನನ್ನು ತಣಿಸುವ ದ್ರವ), ಕೋರ್ ಸೋರುತ್ತಿದೆ. ವಾಸನೆಯಿಲ್ಲದ ತಿಳಿನೀರು ಎ.ಸಿ. ಪೆಟ್ಟಿಗೆಯ ಕೆಳಗೆ ಮತ್ತೆ ಮತ್ತೆ ಕಾಣಿಸಿಕೊಂಡರೆ, ಹೊರಗೆ ಹೋಗಬೇಕಾದ ನೀರಿನ ಕೊಳವೆ ದೂಳಿನಿಂದ ಕಟ್ಟಿದೆ. ಮಾನ್ಸೂನಿನ ತೇವದ ದಿನಗಳಲ್ಲಿ ಈ ನೀರು ಹೆಚ್ಚು.

ಗೇಜ್ ಹೇಳುವುದು

ಇಷ್ಟೆಲ್ಲ ನೋಡಿದ ಮೇಲೆಯೇ ಗೇಜ್ ಜೋಡಿಸಬೇಕು. ವಾಹನ ಹಲವು ಗಂಟೆ ನಿಂತು ಪೂರ್ತಿ ತಣಿದಿದ್ದಾಗ ಎರಡೂ ಗೇಜುಗಳು ಒಂದೇ ಅಂಕಿ ತೋರಿಸುತ್ತವೆ: ಸುತ್ತಲಿನ ತಾಪ 35 ಡಿಗ್ರಿಯಿದ್ದರೆ ಸುಮಾರು 114 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಒತ್ತಡದ ಅಳತೆ), 43 ಡಿಗ್ರಿಯಿದ್ದರೆ ಸುಮಾರು 146. ಇದಕ್ಕಿಂತ ಬಹಳ ಕಡಿಮೆಯಿದ್ದರೆ ಗ್ಯಾಸ್ ಬಹುಪಾಲು ಸೋರಿಹೋಗಿದೆ. ಹೆಚ್ಚಿದ್ದರೆ ಒಳಗೆ ಗಾಳಿ ಸೇರಿದೆ, ಎಲ್ಲವನ್ನೂ ಯಂತ್ರದಿಂದ ಹೊರತೆಗೆದು, ವ್ಯಾಕ್ಯೂಮ್ ಮಾಡಿ, ಹೊಸದಾಗಿ ತುಂಬಬೇಕು. ಅಂಕಿ ಸರಿಯಿದ್ದ ಮಾತ್ರಕ್ಕೆ ಗ್ಯಾಸ್ ಪೂರ್ತಿ ಇದೆ ಎನ್ನಲಾಗದು. ದ್ರವರೂಪದಲ್ಲಿ ಒಂದಿಷ್ಟು ಉಳಿದಿದ್ದರೂ ಒತ್ತಡ ಅಷ್ಟೇ ಇರುತ್ತದೆ. ತೂಕದ ಲೆಕ್ಕವೇ ಅಂತಿಮ.

ಎ.ಸಿ. ಓಡುತ್ತಿರುವಾಗ, 43 ಡಿಗ್ರಿ ಬಿಸಿಲಿನಲ್ಲಿ, ಹೆಚ್ಚಿನ ಒತ್ತಡದ ಗೇಜ್ 230ರಿಂದ 270 ಪಿಎಸ್‌ಐ ತೋರಿಸಿದರೆ ಅಚ್ಚರಿಯಿಲ್ಲ, ಬರಿಯ ಐಡಲ್‌ನಲ್ಲಿ 300ರವರೆಗೂ ಏರಬಹುದು. ತಂಪು ದೇಶದ ಕೋಷ್ಟಕ ಹಿಡಿದು ಇದನ್ನೇ ದೋಷವೆಂದು ಭಾವಿಸಿ ಗ್ಯಾಸ್ ಇಳಿಸಿದರೆ ಒಳ್ಳೆಯ ವ್ಯವಸ್ಥೆಯೂ ಕೆಡುತ್ತದೆ. 350 ದಾಟಿದರೆ ಮಾತ್ರ ಶಾಖ ಹೊರಹೋಗುತ್ತಿಲ್ಲ ಅಥವಾ ಗ್ಯಾಸ್ ಅತಿಯಾಗಿದೆ. ಎರಡೂ ಗೇಜುಗಳು ಕಡಿಮೆ ತೋರಿಸಿದರೆ ಗ್ಯಾಸ್ ಸೋರಿದೆ, ತುಂಬುವ ಮೊದಲು ಸೋರುವ ಜಾಗ ಹುಡುಕಬೇಕು. ಹಿಂಬದಿಗೆ ಹೋಗುವ ಉದ್ದನೆಯ ಕೊಳವೆಗಳು ಚಾಸಿಗೆ ಉಜ್ಜುವ ಕಡೆ ಎಣ್ಣೆಯ ಜಿಡ್ಡಿಗೆ ದೂಳು ಮೆತ್ತಿಕೊಂಡಿದ್ದರೆ ಅಲ್ಲೇ ರಂಧ್ರವಿರುವ ಸಂಭವ ಹೆಚ್ಚು. ಕಡಿಮೆ ಒತ್ತಡದ ಕಡೆ ಹೆಚ್ಚೂ, ಹೆಚ್ಚಿನ ಒತ್ತಡದ ಕಡೆ ಕಡಿಮೆಯೂ ಇದ್ದು ಎರಡೂ ಹತ್ತಿರ ಹತ್ತಿರ ಬಂದರೆ ಕಂಪ್ರೆಸರ್ ಸವೆದಿದೆ. ಮುಂದೆ ತಂಪಿದ್ದು ಹಿಂದೆ ಮಾತ್ರ ಇಲ್ಲದೆ, ಗಾಳಿ, ವಿದ್ಯುತ್ತು, ಹೀಟರ್ ಎಲ್ಲವೂ ಸರಿಯಿದ್ದರೆ ಕೂಲಿಂಗ್ ಕಾಯಿಲಿಗೆ ಗ್ಯಾಸನ್ನು ಅಳತೆಯಾಗಿ ಬಿಡುವ ಹಿಂಬದಿಯ ಎಕ್ಸ್‌ಪ್ಯಾನ್ಷನ್ ವಾಲ್ವ್ ಕಟ್ಟಿರಬಹುದು.

ಎ.ಸಿ. ಸರಿಯಿದ್ದೂ ಕೋಣೆ ಬಿಸಿಯಾಗಿದ್ದರೆ ಬಾಗಿಲಿನ ರಬ್ಬರುಗಳನ್ನು ನೋಡಬೇಕು. ಕಾಗದದ ಪಟ್ಟಿಯೊಂದನ್ನು ನಡುವೆ ಇಟ್ಟು ಬಾಗಿಲು ಮುಚ್ಚಿ ಎಳೆದಾಗ ಅದು ಸಲೀಸಾಗಿ ಜಾರಿ ಬಂದರೆ ಅಲ್ಲಿಂದ ಬಿಸಿಗಾಳಿ ಒಳಬರುತ್ತಿದೆ. ಗಾಳಿ ಹೊರದೂಡುವ ಫ್ಯಾನ್ ತೆರೆದೇ ಉಳಿದಿದ್ದರೂ ಇದೇ ಪರಿಣಾಮ.

ಕಲಬುರಗಿ, ರಾಯಚೂರುಗಳಲ್ಲಿ 108 ವಾಹನಗಳನ್ನು ನೋಡಿಕೊಳ್ಳುವವರಿಗೂ ಈ ಕ್ರಮ ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಏಪ್ರಿಲ್, ಮೇ ತಿಂಗಳ ಅಲ್ಲಿನ ಬಿಸಿಲೂ ದೂಳೂ ಸಾಮಾನ್ಯವಲ್ಲ. ನಮ್ಮಲ್ಲಿ ಆ ವಾಹನಗಳು ಅಗ್ನಿಶಾಮಕ ಇಲಾಖೆಗೆ ಸೇರಿದವಲ್ಲ, ಅವುಗಳ ವಿದ್ಯುತ್ ಜೋಡಣೆಯೂ ಬೇರೆ. ಕಂಡೆನ್ಸರ್, ಬ್ಲೋವರ್, ಫಿಲ್ಟರ್ ಪರೀಕ್ಷೆಗಳಲ್ಲಿ ಮಾತ್ರ ಯಾವ ವ್ಯತ್ಯಾಸವೂ ಇಲ್ಲ.

ದುರಸ್ತಿಯ ನಂತರ

ರಿಪೇರಿಯಾದ ವಾಹನವನ್ನು ಸಂಜೆಯ ತಂಪಿನಲ್ಲಿ ಪರೀಕ್ಷಿಸಿ ಸೇವೆಗೆ ಬಿಡಬಾರದು. ದಿನದ ಅತಿ ಬಿಸಿ ಹೊತ್ತಿನಲ್ಲಿ, ಬಿಸಿಲಿನಲ್ಲೇ ನಿಲ್ಲಿಸಿ, ಎಲ್ಲ ಹೊರೆಗಳನ್ನು ಹಾಕಿ, ಹೈ-ಐಡಲ್‌ನಲ್ಲಿ ಓಡಿಸಬೇಕು. ಅರ್ಧ ಗಂಟೆಯೊಳಗೆ ರೋಗಿ ಮಲಗುವ ಹಾಸಿಗೆಯ ಎತ್ತರದಲ್ಲಿ ತಾಪಮಾನ 30 ಡಿಗ್ರಿಗಿಂತ ಕೆಳಗಿಳಿಯದಿದ್ದರೆ ಆ ವಾಹನ ರೋಗಿಯನ್ನು ಹೊರುವ ಸ್ಥಿತಿಯಲ್ಲಿಲ್ಲ ಎಂದೇ ನಾನು ಹೇಳುತ್ತೇನೆ, ಬದಲಿ ವಾಹನದ ಕೊರತೆ ಎಷ್ಟೇ ಇರಲಿ. ಅಂದಿನ ಹೊರಗಿನ ತಾಪ, ಕಿಂಡಿಯ ತಾಪ, ಎರಡೂ ಗೇಜಿನ ಅಂಕಿ ಮತ್ತು ಬ್ಯಾಟರಿಯ ವೋಲ್ಟೇಜನ್ನು ವಾಹನದ ಪುಸ್ತಕದಲ್ಲಿ ಬರೆದಿಡಬೇಕು. ಮುಂದಿನ ದೂರು ಬಂದಾಗ ಹೋಲಿಸಿ ನೋಡಲು ಆ ಅಂಕಿಗಳೇ ಬೇಕಾಗುತ್ತವೆ.